ಆ ಹನ್ನೊಂದು ದಿನ ಮಾವ ಯಾಕೆ ಸುಮ್ಮನಿದ್ದರು?



ಇವತ್ತು ಮೊದಲು ನನ್ನದೇ ಒಂದು ತಪ್ಪು ಒಪ್ಪಿಕೊಳ್ಳಬೇಕು. ಕೆಲವು ತಿಂಗಳ ಹಿಂದೆ ಇದೇ ಕುರ್ಚಿಯಲ್ಲಿ ಕೂತು ‘ಡಿಜಿಟಲ್ ಅರೆಸ್ಟ್’ ಸುದ್ದಿಯೊಂದನ್ನು ಓದಿದ್ದೆ. ನಿವೃತ್ತ ಅಧಿಕಾರಿಯೊಬ್ಬರು ಲಕ್ಷಗಟ್ಟಲೆ ಹಣ ಕಳೆದುಕೊಂಡಿದ್ದರು. ಸುದ್ದಿ ಮುಗಿಸುವಾಗ, “ಇಷ್ಟು ಓದಿದವರೇ ಹೀಗೆ ಟೋಪಿ ಹಾಕಿಸಿಕೊಂಡ್ರೆ ಇನ್ಯಾರಿಗೆ ಬುದ್ಧಿ ಹೇಳೋಣ ಸ್ವಾಮಿ?” ಅಂದೆ. ಅಂದು ಸಣ್ಣಗೆ ನಕ್ಕೆ ಕೂಡ. ಆ ನಗುವಿಗೆ ಎಷ್ಟು ಬೆಲೆ ತೆರಬೇಕಾಯ್ತು ಅಂತ ಈಗ ಹೇಳ್ತೀನಿ, ಕೇಳಿ.

ನನ್ನ ಸೋದರಮಾವ ಹಾಸನ ಜಿಲ್ಲೆಯಲ್ಲಿ ಹೈಸ್ಕೂಲ್ ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದವರು. ಗಣಿತದ ಮೇಷ್ಟ್ರು. ಹಾಲಿನ ಲೆಕ್ಕದಲ್ಲಿ ಎರಡು ರೂಪಾಯಿ ವ್ಯತ್ಯಾಸ ಬಂದರೂ ಗೋಡೆಯ ಕ್ಯಾಲೆಂಡರ್ ಇಳಿಸಿ ಮತ್ತೆ ಕೂಡಿಸಿ ನೋಡುವ ಮನುಷ್ಯ. ಚೀಟಿ ಹಾಕಿದವರಲ್ಲ, ಷೇರು ಮುಟ್ಟಿದವರಲ್ಲ. ನಿವೃತ್ತಿಯಾದಾಗ ಬಂದ ದುಡ್ಡನ್ನೆಲ್ಲ ಬ್ಯಾಂಕಿನಲ್ಲಿ ಎಫ್‌ಡಿ ಇಟ್ಟು, ಬಡ್ಡಿ ಮತ್ತು ಪೆನ್ಷನ್‌ನಲ್ಲಿ ಅಚ್ಚುಕಟ್ಟಾಗಿ ಬದುಕುತ್ತಿದ್ದರು.

ಒಂದು ಬೆಳಿಗ್ಗೆ ಫೋನ್ ಬಂತು. ಅತ್ತೆ ಮೈಸೂರಿಗೆ ಮಗಳ ಮನೆಗೆ ಹೋಗಿದ್ದರು. “ನಿಮ್ಮ ಆಧಾರ್ ಬಳಸಿ ಮುಂಬೈಯಿಂದ ಪಾರ್ಸಲ್ ಕಳಿಸಿದ್ದಾರೆ, ಅದರಲ್ಲಿ ಡ್ರಗ್ಸ್ ಸಿಕ್ಕಿದೆ” ಅಂದ ಆ ಕಡೆಯವನು. ಸ್ವಲ್ಪ ಹೊತ್ತಿಗೆ ವಿಡಿಯೋ ಕಾಲ್. ಖಾಕಿ ಸಮವಸ್ತ್ರ, ಹಿಂದೆ ಲಾಂಛನ, ಪಕ್ಕದಲ್ಲಿ ರಾಷ್ಟ್ರಧ್ವಜ. “ನೀವೀಗ ಡಿಜಿಟಲ್ ಅರೆಸ್ಟ್‌ನಲ್ಲಿದ್ದೀರಿ. ಕ್ಯಾಮೆರಾ ಮುಂದಿಂದ ಏಳಬೇಡಿ. ಯಾರಿಗಾದರೂ ಹೇಳಿದರೆ ಅವರೂ ಜೈಲಿಗೆ.” ಮಾವ ಎರಡು ದಿನ ಆ ಫೋನನ್ನು ಎದುರಿಗಿಟ್ಟುಕೊಂಡೇ ಕೂತರು. ಊಟ ಸೇರಲಿಲ್ಲ. ರಾತ್ರಿ ದೀಪ ಆರಿಸಲಿಲ್ಲ.

ಎರಡನೆಯ ದಿನ ಬ್ಯಾಂಕಿಗೆ ಹೋಗಿ ಎಫ್‌ಡಿ ಮುರಿಸಿದರು. 14 ಲಕ್ಷ ರೂಪಾಯಿ. “ರಿಸರ್ವ್ ಬ್ಯಾಂಕ್ ಪರಿಶೀಲಿಸುತ್ತೆ, ನೀವು ನಿರಪರಾಧಿ ಅಂತಾದರೆ ವಾಪಸ್ ಬರುತ್ತೆ” ಅಂತ ನಂಬಿಸಿದ್ದರು. ಬ್ಯಾಂಕಿನಲ್ಲಿ ಯಾಕೆ ಸಾರ್ ಅಂತ ಕೇಳಿದರಂತೆ. ಮಗಳು ಸೈಟ್ ತಗೋತಿದ್ದಾಳೆ ಅಂದರಂತೆ ಮಾವ. ಆ ಉತ್ತರವನ್ನೂ ಕಳ್ಳರೇ ಹೇಳಿಕೊಟ್ಟಿದ್ದರು.

ಹಣ ಹೋದ ದಿನ ಸಂಜೆಯೇ ಆ ಫೋನ್ ಸ್ವಿಚ್ ಆಫ್. ಮೋಸ ಅಂತ ಮಾವನಿಗೆ ಅವತ್ತೇ ಗೊತ್ತಾಯ್ತು. ಆದರೆ ನಮಗೆ ಗೊತ್ತಾಗಿದ್ದು ಹನ್ನೊಂದು ದಿನದ ಮೇಲೆ, ಅತ್ತೆ ತಮ್ಮ ಕಣ್ಣಿನ ಆಪರೇಷನ್‌ಗೆ ದುಡ್ಡು ತೆಗೆಯೋಣ ಅಂತ ಪಾಸ್‌ಬುಕ್ ಕೇಳಿದಾಗ.

ನಾನು ಓಡಿಹೋದೆ. “ಮಾವ, ಹನ್ನೊಂದು ದಿನ ಯಾಕೆ ಸುಮ್ಮನಿದ್ರಿ? ನನಗೊಂದು ಫೋನ್ ಮಾಡಬಾರದಿತ್ತಾ?” ಅಂದೆ. ಅವರು ನನ್ನ ಮುಖ ನೋಡಲಿಲ್ಲ. “ನಿನ್ನ ಕಾರ್ಯಕ್ರಮ ನೋಡಿದ್ದೆ ಕಣೋ” ಅಂದರು. ಅಷ್ಟೇ.

ಆ ರಾತ್ರಿ ನಾನು ಆ ಸಂಚಿಕೆಯನ್ನು ಹಾಕಿ ನೋಡಿದೆ. ಪರದೆಯ ಕೆಳಗೆ ಸಹಾಯವಾಣಿ 1930 ಅಂತ ಅಕ್ಷರ ಓಡುತ್ತಿತ್ತು. ಮೇಲೆ ನಾನು ನಗುತ್ತಿದ್ದೆ. ಮಾವ ಎರಡನ್ನೂ ನೋಡಿದ್ದರು. ಅವರ ಮನಸ್ಸಿನಲ್ಲಿ ಉಳಿದದ್ದು ನಗು.

ನೋಡಿ, ‘ಅತಿ ಆಸೆ ಗತಿ ಕೇಡು’ ಅನ್ನೋದು ನಮ್ಮ ಬಾಯಲ್ಲಿ ಸದಾ ಸಿದ್ಧವಾಗಿರುವ ಗಾದೆ. 2019ರ ಜೂನ್‌ನಲ್ಲಿ ಐಎಂಎ ಹಗರಣ ಹೊರಬಿದ್ದಾಗ ಬೆಂಗಳೂರಿನ ಶಿವಾಜಿನಗರದಲ್ಲಿ ಸಾವಿರಾರು ಜನ ದೂರು ಕೊಡೋಕೆ ಬಂದರು. ಆಗಲೂ ನಾವು ಅದೇ ಗಾದೆ ಹೇಳಿದ್ವಿ. ಬಡ್ಡಿ ಬೇಡ, ಧರ್ಮ ಒಪ್ಪುವ ಲಾಭ ಸಾಕು ಅಂತ ನಂಬಿ ದುಡ್ಡಿಟ್ಟವರು ಅಲ್ಲಿದ್ದರು. ಅವರದ್ದು ಬರೀ ಆಸೆನಾ? ಹೋಗಲಿ, ನಮ್ಮ ಮಾವನಿಗೆ ಯಾವ ಆಸೆ ಇತ್ತು? ಅವರು ಲಾಭಕ್ಕೆ ಬಾಯಿ ಬಿಟ್ಟವರಲ್ಲ, ಮರ್ಯಾದೆಗೆ ಅಂಜಿದವರು. ಜೀವನದಲ್ಲಿ ಒಮ್ಮೆಯೂ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತದವರಿಗೇ ‘ಅರೆಸ್ಟ್’ ಅನ್ನೋ ಪದ ಹೆಚ್ಚು ನಡುಕ ಹುಟ್ಟಿಸುತ್ತೆ. ಕಳ್ಳರಿಗೆ ಇದು ಚೆನ್ನಾಗಿ ಗೊತ್ತು. ಹಣ ಕಸಿಯೋವರೆಗೆ ಭಯ ಅವರ ಕೆಲಸ ಮಾಡುತ್ತೆ. ಕಸಿದ ಮೇಲೆ ನಾಚಿಕೆ ಅವರನ್ನು ಕಾಪಾಡುತ್ತೆ. ಆ ನಾಚಿಕೆಗೆ ನೀರೆರೆಯುವವರು ನನ್ನಂಥವರು.

ಹಾಗಾಗಿ ಇವತ್ತು ನಾಲ್ಕು ಮಾತು ಸ್ಪಷ್ಟವಾಗಿ ಹೇಳಿಬಿಡ್ತೀನಿ.

ಮೊದಲನೆಯದು, ‘ಡಿಜಿಟಲ್ ಅರೆಸ್ಟ್’ ಅನ್ನೋದು ಈ ದೇಶದ ಯಾವ ಕಾನೂನಿನಲ್ಲೂ ಇಲ್ಲ. 2024ರ ಅಕ್ಟೋಬರ್‌ನಲ್ಲಿ ಪ್ರಧಾನಿಯವರೇ ಮನ್ ಕಿ ಬಾತ್‌ನಲ್ಲಿ ಇದನ್ನು ಹೇಳಿದರು. ಪೊಲೀಸರಾಗಲಿ, ಸಿಬಿಐ ಆಗಲಿ, ಇಡಿ ಆಗಲಿ ವಿಡಿಯೋ ಕಾಲ್‌ನಲ್ಲಿ ಯಾರನ್ನೂ ಬಂಧಿಸಲ್ಲ. ತನಿಖೆ ಮುಗಿಯೋವರೆಗೆ ನಿಮ್ಮ ಹಣ ನಮ್ಮ ಖಾತೆಗೆ ಹಾಕಿ ಅಂತ ಕೇಳಲ್ಲ. ಕೇಳಿದರೆ ಅವನು ಕಳ್ಳ. ಅವನಿಗೆ ಉತ್ತರ ಕೊಡಬೇಕಾಗಿಲ್ಲ, ವಾದ ಮಾಡಬೇಕಾಗಿಲ್ಲ, ಫೋನ್ ಇಡಿ.

ಎರಡನೆಯದು, ಹಣ ಹೋಗಿದೆ ಅಂತ ಗೊತ್ತಾದ ಕ್ಷಣ 1930ಕ್ಕೆ ಫೋನ್ ಮಾಡಿ. ನಿಮ್ಮ ಬ್ಯಾಂಕಿಗೂ ತಿಳಿಸಿ. ಯಾಕಿಷ್ಟು ಅವಸರ? ಕಳ್ಳರು ಹಣವನ್ನು ಒಂದೇ ಕಡೆ ಇಟ್ಟಿರಲ್ಲ. ಕಮಿಷನ್ ಆಸೆಗೆ ಯಾರ್ಯಾರೋ ಬಾಡಿಗೆಗೆ ಕೊಟ್ಟ ಖಾತೆಗಳಿಗೆ ಒಂದರಿಂದ ಇನ್ನೊಂದಕ್ಕೆ ದಾಟಿಸುತ್ತಾ ಹೋಗ್ತಾರೆ. ದೂರು ದಾಖಲಾದರೆ ಹಣ ಎಲ್ಲಿ ನಿಂತಿದೆಯೋ ಅಲ್ಲಿ ತಡೆಹಿಡಿಯಲು ಅವಕಾಶ ಇದೆ. ಎಟಿಎಂನಿಂದ ನೋಟಾಗಿ ಹೊರಬಂದ ಮೇಲೆ ಬಹಳ ಕಷ್ಟ. ಹಣ ಕಳಿಸಿದ ದಿನ, ಸಮಯ, ಮೊತ್ತ, ವಹಿವಾಟಿನ ಸಂಖ್ಯೆ ಕೈಯಲ್ಲಿಟ್ಟುಕೊಳ್ಳಿ. ಚಾಟ್ ಅಳಿಸಬೇಡಿ, ಅದೇ ಸಾಕ್ಷಿ.

ಮೂರನೆಯದು, ಹಿರಿಯರ ಇಡುಗಂಟಿಗೆ ಎರಡು ಬೀಗ ಹಾಕಿ. ಎಫ್‌ಡಿ ಗಂಡ ಹೆಂಡತಿ ಇಬ್ಬರ ಹೆಸರಲ್ಲಿರಲಿ, ಇಬ್ಬರ ಸಹಿ ಇಲ್ಲದೆ ಅವಧಿಗೆ ಮುಂಚೆ ಮುರಿಯದಂತೆ ಬ್ಯಾಂಕಿನಲ್ಲಿ ಬರೆದುಕೊಡಿ. ನೆಟ್ ಬ್ಯಾಂಕಿಂಗ್ ಮಿತಿಯನ್ನು ತಿಂಗಳ ಖರ್ಚಿಗೆ ತಕ್ಕಷ್ಟು ಇಳಿಸಿ. ದುಡ್ಡು ತೆಗೆಯೋದು ಒಂದು ದಿನ ತಡವಾದರೆ ಏನೂ ಮುಳುಗಲ್ಲ. ಕಳ್ಳನಿಗೆ ಮಾತ್ರ ಆ ಒಂದು ದಿನ ಕಾಯೋಕಾಗಲ್ಲ.

ನಾಲ್ಕನೆಯದೇ ಎಲ್ಲಕ್ಕಿಂತ ಮುಖ್ಯ. ನಿಮ್ಮ ಮನೆಯಲ್ಲಿ ಯಾರಾದರೂ ಬಂದು ‘ಹೀಗಾಯ್ತು’ ಅಂದರೆ, “ಯಾಕೆ ಕೊಟ್ರಿ?” ಅಂತ ಕೇಳಬೇಡಿ. “ಯಾವಾಗ ಕಳಿಸಿದ್ರಿ?” ಅಂತ ಕೇಳಿ. ಮೊದಲನೇ ಪ್ರಶ್ನೆ ಅವರ ಬಾಯಿ ಮುಚ್ಚಿಸುತ್ತೆ. ಎರಡನೇ ಪ್ರಶ್ನೆ ನಿಮ್ಮ ಕೈಗೆ ಫೋನ್ ಕೊಡುತ್ತೆ. ಬೈಯೋದಿದ್ದರೆ ದೂರು ಕೊಟ್ಟು ಬಂದ ಮೇಲೆ ಬೈಯಿರಿ. ಆಮೇಲೆ ನಿಮಗೂ ಬೈಯೋ ಮನಸ್ಸಿರಲ್ಲ.

ಮಾವನ 14 ಲಕ್ಷದಲ್ಲಿ ಒಂದು ಖಾತೆಯಲ್ಲಿ ಉಳಿದಿದ್ದ 62 ಸಾವಿರ ಮಾತ್ರ ತಡೆಹಿಡಿಯಲು ಸಾಧ್ಯವಾಯ್ತು. ಮೊದಲ ದಿನವೇ ಹೇಳಿದ್ದರೆ ಅಷ್ಟೂ ಸಿಗುತ್ತಿತ್ತಾ? ಹಾಗಂತ ನಾನು ಹೇಳಲಾರೆ. ಆದರೆ ಹನ್ನೊಂದು ದಿನ ಆ ಮನುಷ್ಯ ಒಬ್ಬರೇ ಕೂತು ಆ ಲೆಕ್ಕವನ್ನು ಮತ್ತೆ ಮತ್ತೆ ಕೂಡಿಸಿ ಕಳೆಯಬೇಕಾಗಿರಲಿಲ್ಲ. ಅತ್ತೆಯ ಕಣ್ಣಿನ ಆಪರೇಷನ್ ಹೋದ ತಿಂಗಳು ಆಯ್ತು. ದುಡ್ಡು ನಾವೆಲ್ಲ ಸೇರಿಸಿದ್ವಿ.

ಇದನ್ನೆಲ್ಲ ಟಿವಿಯಲ್ಲಿ ಹೇಳಲಾ ಅಂತ ಮಾವನನ್ನು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೇಳು. ಆದ್ರೆ ಈ ಸಲ ನಗಬೇಡ” ಅಂದರು.

ಮಾವ, ಈಗ ನೋಡ್ತಾ ಇರ್ತೀರಿ ಅಂತ ಗೊತ್ತು. ಅವತ್ತು ನಕ್ಕಿದ್ದಕ್ಕೆ ನಿಮ್ಮಲ್ಲೂ, ನಿಮ್ಮ ಹಾಗೆ ಮನೆಯೊಳಗೇ ನುಂಗಿಕೊಂಡು ಕೂತಿರುವ ಎಲ್ಲರಲ್ಲೂ ಕ್ಷಮೆ ಕೇಳ್ತೀನಿ.

ವೀಕ್ಷಕರೇ, ಇವತ್ತು ರಾತ್ರಿ ಮಲಗೋ ಮುಂಚೆ ಊರಲ್ಲಿರುವ ನಿಮ್ಮ ಹಿರಿಯರಿಗೆ ಒಂದು ಫೋನ್ ಮಾಡಿ. 1930 ಅಂತ ಬರೆದುಕೊಳ್ಳೋಕೆ ಹೇಳಿ. ಜೊತೆಗೆ ನಿಮ್ಮ ನಂಬರನ್ನೂ ದಪ್ಪ ಅಕ್ಷರದಲ್ಲಿ ಅದರ ಪಕ್ಕದಲ್ಲೇ ಬರೆದಿಟ್ಟುಕೊಳ್ಳೋಕೆ ಹೇಳಿ. ಏನೇ ಆಗಲಿ, ಬೈಯಲ್ಲ ಅಂತ ಮಾತು ಕೊಡಿ.