ಖೋಲಿಯ ಟಿವಿಗೆ ಯಾವ ವೈಫೈ?

ಹೋಟೆಲಿನ ಸಹೋದರರೇ, ಗಿರಣಿಯಲ್ಲಿ ದುಡಿದ ಹಿರಿಯರೇ,

ಎಂಟು ಹತ್ತು ಮಂದಿ ವಂತಿಗೆ ಹಾಕಿ ಖೋಲಿಗೆ ಇಂಟರ್‌ನೆಟ್ ತರಿಸುತ್ತೇವೆ. ಟಿವಿಗೆ ಸ್ಟಿಕ್ ಚುಚ್ಚುತ್ತೇವೆ. ರಾತ್ರಿ ಕೆಲಸ ಮುಗಿಸಿ ಬಂದು ಯಕ್ಷಗಾನ ಹಚ್ಚಿದರೆ, ಭಾಗವತರು ಪದ ಎತ್ತುವಷ್ಟರಲ್ಲಿ ಚಿತ್ರ ನಿಂತು ಚಕ್ರ ತಿರುಗತೊಡಗುತ್ತದೆ. ದೂರು ಕೊಟ್ಟರೆ ಬರುವ ಉತ್ತರ ಒಂದೇ: ದೊಡ್ಡ ಪ್ಲಾನ್ ಹಾಕಿಸಿಕೊಳ್ಳಿ. ಹಣ ತೆರುವ ಮೊದಲು ನಾವು ಒಂದು ವಿಷಯ ತಿಳಿದಿರಬೇಕು.

ಈಗಿನ ಹೆಚ್ಚಿನ ರೌಟರುಗಳು 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಬ್ಯಾಂಡುಗಳಲ್ಲಿ ಕೆಲಸ ಮಾಡುತ್ತವೆ. 2.4 ದೂರ ಹೋಗುತ್ತದೆ, ಗೋಡೆಯನ್ನೂ ದಾಟುತ್ತದೆ. ಆದರೆ ಅಲ್ಲಿ ಒಂದಕ್ಕೊಂದು ಅಡ್ಡ ಬಾರದ ಚಾನೆಲುಗಳು ಮೂರೇ: 1, 6, 11. ಚಾಳಿನ ಎಲ್ಲ ಖೋಲಿಗಳ ರೌಟರುಗಳೂ ಅಲ್ಲೇ ನುಗ್ಗಿದರೆ, ಬೆಳಗಿನ ನಲ್ಲಿಯ ಮುಂದೆ ಕೊಡಗಳ ಸಾಲು ಇದ್ದ ಹಾಗೆ. ಬ್ಲೂಟೂತ್ ಕೂಡ ಅದೇ ಬ್ಯಾಂಡಿನದು. ಹೋಟೆಲಿನ ಮೈಕ್ರೋವೇವ್ ಒಲೆಯ ಅಲೆಯೂ 2.45ರ ಆಸುಪಾಸಿನದೇ; ಅದು ನಡೆಯುವಾಗ ಹತ್ತಿರದ 2.4ಕ್ಕೆ ತೊಂದರೆ. 5ರಲ್ಲಿ ಚಾನೆಲುಗಳು ಹೆಚ್ಚು, ವೇಗವೂ ಹೆಚ್ಚು. ಆದರೆ ಗೋಡೆ ಅಡ್ಡ ಬಂದರೆ ಅದರ ಬಲ ಬೇಗ ಕುಗ್ಗುತ್ತದೆ.

ಆದ್ದರಿಂದ ರೌಟರು, ಟಿವಿ ಎರಡೂ ಒಂದೇ ಖೋಲಿಯಲ್ಲಿದ್ದರೆ 5ನ್ನು ಆರಿಸೋಣ. ನಡುವೆ ದಪ್ಪ ಗೋಡೆಗಳಿದ್ದರೆ ಎರಡನ್ನೂ ಹಚ್ಚಿ ನೋಡೋಣ; ಹೆಚ್ಚಾಗಿ 2.4 ವಾಸಿ. ರೌಟರಿನ ಸೆಟ್ಟಿಂಗಿನಲ್ಲಿ ಎರಡಕ್ಕೂ ಬೇರೆ ಬೇರೆ ಹೆಸರಿಟ್ಟರೆ ಆರಿಸುವುದು ಸುಲಭ. ವೈಫೈ ಹೆಸರಿನ ಕೊನೆಗೆ '5ಜಿ' ಎಂದಿದ್ದರೆ ಅದು ಸಾಮಾನ್ಯವಾಗಿ ಈ ಬ್ಯಾಂಡಿನ ಗುರುತು, ಮೊಬೈಲಿನ 5ಜಿ ಅಲ್ಲ. ಕೆಲವು ಹಳೆಯ ಸ್ಟಿಕ್ಕುಗಳಿಗೆ 5 ಕಾಣುವುದೇ ಇಲ್ಲ. 2013ರ ಮೊದಲ ಕ್ರೋಮ್‌ಕಾಸ್ಟ್ ಅಂಥದ್ದು. ಅಂಥವರು ಪಕ್ಕದ ಖೋಲಿಯವರೊಡನೆ ಮಾತಾಡಿ 1, 6, 11ನ್ನು ಹಂಚಿಕೊಳ್ಳಬೇಕು. ಒಬ್ಬೊಬ್ಬರೇ ಪರದಾಡುವ ಬದಲು ಕೂಡಿ ಮಾತಾಡಿಕೊಂಡರೆ ಕಾಸು ಖರ್ಚಿಲ್ಲದೆ ಎಲ್ಲರಿಗೂ ಅನುಕೂಲ.

ಇನ್ನು ಪ್ಲಾನಿನ ಮಾತು. ಸ್ವಚ್ಛವಾದ ಎಚ್‌ಡಿ ಚಿತ್ರಕ್ಕೆ ನೆಟ್‌ಫ್ಲಿಕ್ಸ್ ಕೇಳುವುದು ಸೆಕೆಂಡಿಗೆ 5 ಮೆಗಾಬಿಟ್ ಮಾತ್ರ. ಉಳಿದವರ ಮೊಬೈಲುಗಳನ್ನು ವೈಫೈಯಿಂದ ಬಿಡಿಸಿ, ಒಂದು ಮೊಬೈಲನ್ನು 5ಕ್ಕೆ ಸೇರಿಸಿ, ರೌಟರಿನ ಪಕ್ಕದಲ್ಲೇ ವೇಗ ಅಳೆಯೋಣ. ಅಲ್ಲಿ ಪೂರ್ತಿ ವೇಗ ಸಿಕ್ಕಿ ಟಿವಿ ಮಾತ್ರ ನಿಲ್ಲುತ್ತಿದ್ದರೆ, ದೊಡ್ಡ ಪ್ಲಾನಿನಿಂದ ಅದು ಸರಿಹೋಗದು. ಅಲ್ಲಿಯೇ ಕಡಿಮೆ ಬಂದರೆ, ಹಣ ಪಡೆದವರಿಂದ ಮೊದಲು ಲೈನು ಸರಿಮಾಡಿಸಿಕೊಳ್ಳೋಣ. ಲೈನು ಸರಿಯಿದ್ದು, ಎಲ್ಲರೂ ಒಮ್ಮೆಗೇ ನೋಡುವಾಗ ಸಾಲದೆ ಬಂದರೆ ಮಾತ್ರ ದೊಡ್ಡ ಪ್ಲಾನು. ಅಲ್ಲಿಯವರೆಗೆ ವಂತಿಗೆ ಏರಿಸುವ ಮಾತು ಬೇಡ.