ಗ್ರೀಕ ತತ್ತ್ವಜ್ಞ ಝೀನೋನ ವಿರೋಧೋಕ್ತಿಗಳು



ಲೋಕಾನುಭವಕ್ಕೆ ಸರ್ವಥಾ ವಿರುದ್ಧವಾಗಿದ್ದರೂ ಯುಕ್ತಿಯಿಂದ ಸುಲಭವಾಗಿ ಖಂಡಿಸಲು ಬಾರದ ಮಾತಿಗೆ ವಿರೋಧೋಕ್ತಿಯೆಂದು ಹೆಸರು. ಇಂಥ ಮಾತನ್ನು ಕೇಳಿದವರಲ್ಲಿ ಕೆಲವರು ನಕ್ಕುಬಿಡುವರು. ಕೆಲವರು ಬೆರಗಾಗಿ ಅದನ್ನೇ ಸಿದ್ಧಾಂತವೆಂದು ತಲೆಯ ಮೇಲೆ ಹೊರುವರು. ಇವೆರಡೂ ಅರ್ಥಗ್ರಹಣದ ಮಾರ್ಗಗಳಲ್ಲ. ಅದನ್ನು ಆಡಿದವನು ಯಾರು, ಯಾರ ಮಾತಿಗೆ ಪ್ರತಿಯಾಗಿ ಆಡಿದನು, ಯಾವ ಅಂಗೀಕಾರದ ಮೇಲೆ ಅದು ನಿಂತಿರುವದು, ಎಂಬ ಮೂರನ್ನೂ ವಿಚಾರಿಸಿದ ಹೊರತು ಅದರ ತಾತ್ಪರ್ಯವು ತಿಳಿಯದು. ಇದಕ್ಕೆ ಪ್ರಾಚೀನ ಗ್ರೀಕರಲ್ಲಿ ಝೀನೋ ಎಂಬವನ ಯುಕ್ತಿಗಳು ಉತ್ತಮ ನಿದರ್ಶನವಾಗಿವೆ.

ಕ್ರಿಸ್ತಪೂರ್ವ 5ನೆಯ ಶತಮಾನದಲ್ಲಿ ದಕ್ಷಿಣ ಇಟಲಿಯ ಎಲಿಯಾ ಎಂಬ ಗ್ರೀಕ ಪಟ್ಟಣದಲ್ಲಿ ಪಾರ್ಮೆನಿಡೀಸನೆಂಬ ತತ್ತ್ವಜ್ಞನಿದ್ದನು. ಇರುವ ವಸ್ತುವು ಒಂದೇ. ಅದಕ್ಕೆ ಹುಟ್ಟಿಲ್ಲ, ನಾಶವಿಲ್ಲ, ವಿಕಾರವಿಲ್ಲ, ಚಲನೆಯಿಲ್ಲವೆಂದು ಅವನು ಪದ್ಯರೂಪವಾಗಿ ಉಪದೇಶಿಸಿದನು. ಝೀನೋ ಅವನ ಶಿಷ್ಯನು. ಪ್ಲೇಟೋ ಎಂಬ ಮಹಾಪಂಡಿತನು ಬರೆದ 'ಪಾರ್ಮೆನಿಡೀಸ್' ಎಂಬ ಸಂವಾದದಲ್ಲಿ, ಸುಮಾರು 65 ವರ್ಷದ ಗುರುವೂ 40ರ ಸಮೀಪದ ಶಿಷ್ಯನೂ ಆಥೆನ್ಸಿನ ಮಹೋತ್ಸವಕ್ಕೆ ಬಂದು, ಇನ್ನೂ ತರುಣನಾಗಿದ್ದ ಸಾಕ್ರೆಟೀಸನೊಡನೆ ಮಾತನಾಡಿದಂತೆ ವರ್ಣಿತವಾಗಿದೆ. ಅಲ್ಲಿ ಝೀನೋ ತನ್ನ ಗ್ರಂಥದ ಉದ್ದೇಶವನ್ನು ತಾನೇ ತಿಳಿಸುವನು: ವಸ್ತುವು ಒಂದೇ ಎಂಬ ಮಾತನ್ನು ಪರಿಹಾಸ ಮಾಡುವವರು, ವಸ್ತುಗಳು ಅನೇಕವೆಂಬ ತಮ್ಮ ಪಕ್ಷದಿಂದ ಇನ್ನೂ ಹೆಚ್ಚಿನ ಪರಿಹಾಸ್ಯವು ಒದಗುವದೆಂಬದನ್ನು ಕಾಣಲೆಂದು ಅದನ್ನು ಬರೆದನಂತೆ. ಅದು ತಾರುಣ್ಯದ ವಾದಪ್ರಿಯತೆಯಿಂದ ಬರೆದದ್ದೆಂದೂ, ಪ್ರಕಟಿಸಬೇಕೋ ಬೇಡವೋ ಎಂದು ಯೋಚಿಸುವಷ್ಟರಲ್ಲಿ ಯಾರೋ ಅದನ್ನು ಕದ್ದರೆಂದೂ ಅಲ್ಲಿಯೇ ಹೇಳಿದೆ.

ಆದಕಾರಣ ಝೀನೋನ ಯುಕ್ತಿಗಳು ನಮ್ಮ ನೈಯಾಯಿಕರು ಅನಿಷ್ಟಪ್ರಸಂಗವೆಂದು ಕರೆಯುವ ತರ್ಕದ ಜಾತಿಯವು. ಎದುರಾಳಿಯ ಅಂಗೀಕಾರವನ್ನೇ ಹಿಡಿದು, ಅವನಿಗೇ ಬೇಡವಾದ ಫಲವನ್ನು ತೋರಿಸುವದು ಅವುಗಳ ಕ್ರಮ. ಅವನು ರಚಿಸಿದ ಯುಕ್ತಿಗಳು 40 ಎಂದು ಪ್ರೋಕ್ಲಸನು ಹೇಳಿರುವನು. ಉಳಿದಿರುವವು ಕೆಲವೇ. ಅವುಗಳಲ್ಲಿ ಚಲನೆಯನ್ನು ಕುರಿತ ನಾಲ್ಕನ್ನು ಅರಿಸ್ಟಾಟಲನು ತನ್ನ 'ಭೌತಶಾಸ್ತ್ರ'ದ 6ನೆಯ ಭಾಗದಲ್ಲಿ ಸಂಗ್ರಹಿಸಿದ್ದಾನೆ.

ಅಕಿಲೀಸನೆಂಬ ಮಹಾವೇಗಿಯಾದ ವೀರನು ಆಮೆಯನ್ನು ಬೆನ್ನಟ್ಟುವನೆಂದು ತಿಳಿಯಿರಿ. ಆಮೆಯು 100 ಮಾರು ಮುಂದಿದೆ. ಅದರ ವೇಗವು ವೀರನ ವೇಗದ ಹತ್ತರಲ್ಲೊಂದು ಪಾಲು. ವೀರನು 100 ಮಾರು ಓಡುವಷ್ಟರಲ್ಲಿ ಆಮೆಯು 10 ಮಾರು ಸರಿದಿರುವದು. ಆ 10 ಮಾರು ಓಡುವಷ್ಟರಲ್ಲಿ ಅದು ಮತ್ತೊಂದು ಮಾರು ಮುಂದೆ. ಇಂತು ಅಂತರವು ಕಿರಿದಾಗುವದೇ ಹೊರತು ಮುಗಿಯದು. ಆದ್ದರಿಂದ ಅವನು ಆಮೆಯನ್ನು ಎಂದಿಗೂ ಹಿಡಿಯಲಾರನು. ಇನ್ನು ಬಾಣದ ಯುಕ್ತಿ. ತನ್ನಷ್ಟೇ ಅಳತೆಯ ಸ್ಥಳವನ್ನು ತುಂಬಿರುವ ವಸ್ತುವು ನಿಶ್ಚಲವು. ಹಾರುವ ಬಾಣವು ಪ್ರತಿಯೊಂದು ಕ್ಷಣದಲ್ಲಿಯೂ ತನ್ನಷ್ಟೇ ಸ್ಥಳವನ್ನು ತುಂಬಿರುವದು. ಆದ್ದರಿಂದ ಹಾರುವ ಬಾಣವು ನಿಂತೇ ಇದೆ.

ಇವೆರಡನ್ನೂ ಜೊತೆಯಾಗಿ ನೋಡಿದರೆ ಮರ್ಮವು ಹೊಳೆಯುವದು. ದೇಶಕಾಲಗಳನ್ನು ಕೊನೆಯಿಲ್ಲದೆ ವಿಭಾಗಿಸಬಹುದೆಂದರೆ ಅಕಿಲೀಸನ ಯುಕ್ತಿಯು ಅಡ್ಡ ಬರುವದು. ವಿಭಾಗಕ್ಕೆ ಕೊನೆಯುಂಟು, ಕಾಲವು ನಿರವಯವವಾದ ಕ್ಷಣಗಳ ರಾಶಿಯೆಂದರೆ ಬಾಣದ ಯುಕ್ತಿಯು ಅಡ್ಡ ಬರುವದು. ಎದುರಾಳಿಗೆ ಇದು ಉಭಯತಃಪಾಶವು. ಈ ನಾಲ್ಕು ಯುಕ್ತಿಗಳು ಹೀಗೆ ಜೋಡಿಯಾಗಿ ಹೆಣೆಯಲ್ಪಟ್ಟಿವೆಯೆಂದು ನವೀನ ವ್ಯಾಖ್ಯಾನಕಾರರಲ್ಲಿ ಕೆಲವರ ಅಭಿಪ್ರಾಯ.

ಚಲನೆಯೇ ಇಲ್ಲವೆಂದವನೊಬ್ಬನ ಮುಂದೆ ಡಿಯೋಜಿನೀಸನು ಎದ್ದು ನಡೆದಾಡಿ ತೋರಿಸಿದನೆಂಬ ಕಥೆಯುಂಟು. ಅದು ವಿನೋದಕ್ಕೆ ಸರಿಯೇ ಹೊರತು ಉತ್ತರವಲ್ಲ. ಕಾಲು ಚಲಿಸುವದು ಎಲ್ಲರಿಗೂ ಕಾಣುವದೇ. ಚಲನೆಯನ್ನು ಬುದ್ಧಿಯು ವಿರೋಧವಿಲ್ಲದೆ ಗ್ರಹಿಸುವದು ಹೇಗೆಂಬದೇ ಪ್ರಶ್ನೆಯು. ಅರಿಸ್ಟಾಟಲನು ನಿಜವಾದ ಉತ್ತರಕ್ಕೆ ಯತ್ನಿಸಿದನು. ಕಾಲವು ಕ್ಷಣಗಳ ರಾಶಿಯೆಂಬುದನ್ನೇ ಅವನು ಒಪ್ಪಲಿಲ್ಲ. ದೇಶದಂತೆ ಕಾಲವೂ ವಿಭಾಗಿಸಲ್ಪಡುವದೆಂದು ಮೊದಲು ಸಮಾಧಾನ ಹೇಳಿ, 8ನೆಯ ಭಾಗದಲ್ಲಿ ಅದು ಸಾಲದೆಂದು ತಾನೇ ಒಪ್ಪಿ, ದಾರಿಯಲ್ಲಿ ಅನಂತವಾದ ವಿಭಾಗಗಳು ಶಕ್ತಿರೂಪದಿಂದ ಮಾತ್ರ ಇರುವವು, ವ್ಯಕ್ತರೂಪದಿಂದಲ್ಲವೆಂದು ನಿರ್ಣಯಿಸಿದನು. 1821ರಲ್ಲಿ ಫ್ರೆಂಚ ಗಣಿತಜ್ಞನಾದ ಕೋಶಿಯು ಅನಂತಶ್ರೇಢಿಯ ಮೊತ್ತವೆಂದರೇನೆಂಬದನ್ನು ನಿಷ್ಕೃಷ್ಟವಾಗಿ ನಿರೂಪಿಸಿದನು. ಆ ಲೆಕ್ಕದಂತೆ 100, 10, 1 ಮೊದಲಾದವುಗಳ ಮೊತ್ತವು 111 ಮಾರು ಮತ್ತು ಒಂದು ಮಾರಿನ ಒಂಬತ್ತರಲ್ಲೊಂದು ಪಾಲು. ಅಲ್ಲಿಯೇ ಆಮೆಯು ಸಿಕ್ಕುವದು. ಹಿಡಿಯುವ ಸ್ಥಳವನ್ನು ಗಣಿತವು ತೋರಿಸಿತು. ಕೊನೆಯಿಲ್ಲದ ಹೆಜ್ಜೆಗಳು ಮುಗಿಯುವದು ಹೇಗೆಂಬ ತತ್ತ್ವವಿಚಾರವನ್ನು ಮಾತ್ರ ಪಂಡಿತರು ಇಂದಿಗೂ ಬಿಟ್ಟಿಲ್ಲ.

ಹಾಗಾದರೆ ಝೀನೋ ಗೆದ್ದನೋ, ಸೋತನೋ? ಪರಪಕ್ಷವು ಕೆಟ್ಟಿತೆಂದ ಮಾತ್ರಕ್ಕೆ ಸ್ವಪಕ್ಷವು ಸಿದ್ಧಿಸದು. ಅನೇಕವೆಂಬವರು ತೊಡಕಿಗೆ ಸಿಕ್ಕರೆಂದರೆ ಒಂದೇ ಎಂಬದು ಅಷ್ಟರಿಂದಲೇ ಸ್ಥಾಪಿತವಾಗದು. ಗುರುವಿನ ಮತವನ್ನು ಅವನು ಸಾಧಿಸಲಿಲ್ಲ. ಅದನ್ನು ವಿಚಾರಿಸದೆ ನಗುವ ಅಧಿಕಾರವು ಯಾರಿಗೂ ಇಲ್ಲವೆಂದು ಸಾಧಿಸಿದನು. ಗುರುವನ್ನು ಹಳಿದವರಿಗೆ ಅವನು ಬೈಗಳಿಂದ ಉತ್ತರ ಕೊಡಲಿಲ್ಲ, ಕೋಪದಿಂದ ಮುಖ ತಿರುಗಿಸಲಿಲ್ಲ. ಅವರ ಮಾತನ್ನು ಅವರಿಗಿಂತಲೂ ಚೆನ್ನಾಗಿ ತಿಳಿದು, ಅವರ ಮುಂದೆಯೇ ಬಿಚ್ಚಿಟ್ಟನು. ಅವನಿಗೆ ಉತ್ತರ ಹೇಳಹೊರಟವರು ದೇಶ, ಕಾಲ, ಅನಂತಗಳ ಸ್ವರೂಪವನ್ನು ಹೊಸದಾಗಿ ಶೋಧಿಸಬೇಕಾಯಿತು. ಗುರುವಾಕ್ಯದಲ್ಲಿ ಶ್ರದ್ಧೆಯೂ ಪ್ರತಿವಾದಿಯ ವಾಕ್ಯದಲ್ಲಿ ಅವಧಾನವೂ ಒಬ್ಬನಲ್ಲಿಯೇ ಕೂಡಿದರೆ ವಿದ್ಯೆಯು ಬೆಳೆಯುವದು ಎಂಬದಕ್ಕೆ ಈ ಶಿಷ್ಯನೇ ಸಾಕ್ಷಿಯು.