ಮಾತ್ರೆಯನ್ನೇ ಮರೆಸುವ ಕಾಯಿಲೆ



ಚಳ್ಳಕೆರೆ ಸಂತೆಯಿಂದ ಐದು ಸಾಮಾನು ತಾ ಎಂದು ಕಳಿಸಿದಾಗ ಯಾರಾದರೂ ಮೂರೇ ತಂದರೆ ನಾವು ಕೇಳುವ ಮಾತು ಒಂದೇ: 'ಜ್ಞಾನ ಎಲ್ಲಿತ್ತು?' ಇವತ್ತು ಆ ಪ್ರಶ್ನೆಗೇ ಉತ್ತರ ಹುಡುಕೋಣ. ಎಚ್‌ಐವಿ ಅಂದ ಕೂಡಲೇ ನಾವು ದನಿ ತಗ್ಗಿಸಿ ರಕ್ತದ ಮಾತು, ನಡತೆಯ ಮಾತು ಆಡುತ್ತೇವೆ. ತಲೆಯ ಮಾತು ಬರುವುದೇ ಇಲ್ಲ.

ಸೋಂಕು ತಗುಲಿದ ಕೆಲವೇ ವಾರಗಳಲ್ಲಿ ವೈರಾಣು ಮಿದುಳು ತಲುಪುತ್ತದೆ. ರಕ್ತಕ್ಕೂ ಮಿದುಳಿಗೂ ನಡುವೆ ಬಿಗಿಯಾದ ಬೇಲಿಯಿದೆ. ಆದರೆ ಕಾವಲು ತಿರುಗುವ ಬಿಳಿ ರಕ್ತಕಣಗಳಿಗೆ ಅಲ್ಲಿ ದಾರಿಯುಂಟು. ವೈರಾಣು ಅವುಗಳ ಹೊಟ್ಟೆಯಲ್ಲಿ ಕೂತೇ ಒಳಗೆ ನುಸುಳುತ್ತದೆ. ನರಕೋಶಗಳ ತಂಟೆಗೆ ನೇರವಾಗಿ ಹೋಗದೆ, ಅವುಗಳ ಆರೈಕೆ ನೋಡುವ ಮೈಕ್ರೋಗ್ಲಿಯಾ ಕೋಶಗಳಲ್ಲಿ ಬೀಡುಬಿಡುತ್ತದೆ. ಅಲ್ಲಿಂದ ಹೊಮ್ಮುವ ವಿಷ, ಉರಿಯೂತಗಳಿಂದ ನರಕೋಶಗಳ ಕೊಂಡಿ ಸೊರಗುತ್ತದೆ. ಮೊಳಕಾಲ್ಮೂರಿನ ಮಗ್ಗ ಬಲ್ಲವರಿಗೆ ಹೀಗೆ ಹೇಳಬಹುದು: ಮೊದಮೊದಲು ಹಾಸಿನ ಎಳೆ ಕಡಿಯುವುದಿಲ್ಲ, ಲಾಳಿ ನಿಧಾನವಾಗುತ್ತದೆ. ಚಿಕ್ಕ ಲೆಕ್ಕಕ್ಕೂ ಸೋಂಕಿತರ ಮಿದುಳು ಹೆಚ್ಚು ಭಾಗವನ್ನು ದುಡಿಸಿಕೊಳ್ಳುವುದು ಸ್ಕ್ಯಾನ್‌ಗಳಲ್ಲಿ ಕಂಡಿದೆ. ಒಂಟೆತ್ತಿನ ಕೆಲಸಕ್ಕೆ ಜೋಡೆತ್ತು ಹೂಡಿದ ಹಾಗೆ.

ಇದನ್ನು ಅಳೆಯುವುದು ಹೇಗೆ? ಒಂದು ಹಾಳೆ. ಅದರ ತುಂಬ ಗುಲಾಬಿ, ಹಳದಿ ಬಣ್ಣದ ದುಂಡುಗಳಲ್ಲಿ ಅಂಕಿಗಳು. ಬಣ್ಣ ಬದಲಿಸುತ್ತ 1ರಿಂದ 25ರವರೆಗೆ ಗೆರೆ ಎಳೆಯಬೇಕು. ಅಕ್ಷರ ಬಾರದವರೂ ಅಂಕಿ ಗೊತ್ತಿದ್ದರೆ ಮಾಡಬಹುದು. ಇನ್ನೊಂದು ಪರೀಕ್ಷೆಯಲ್ಲಿ 15 ಪದಗಳನ್ನು ಐದು ಸಲ ಓದಿ ಹೇಳುತ್ತಾರೆ, ನೆನಪಿದ್ದಷ್ಟು ಒಪ್ಪಿಸಬೇಕು.

ನಮ್ಮ ದೇಶದಲ್ಲಿ ಹೆಚ್ಚಾಗಿರುವುದು ವೈರಾಣುವಿನ 'ಸಿ' ಉಪಬಗೆ. ಅದರ ಟ್ಯಾಟ್ ಎಂಬ ಪ್ರೋಟೀನಿನ 31ನೇ ಸ್ಥಾನದಲ್ಲಿ ಒಂದು ವ್ಯತ್ಯಾಸವಿದೆ, ಅದರಿಂದ ಬಿಳಿ ರಕ್ತಕಣಗಳನ್ನು ಸೆಳೆಯುವ ಅದರ ಬಲ ಕುಗ್ಗುತ್ತದೆ ಎಂದು ಬೆಂಗಳೂರಿನ ಜವಾಹರಲಾಲ್ ನೆಹರು ಕೇಂದ್ರದ ಉದಯಕುಮಾರ್ ರಂಗ ಅವರ ತಂಡ 2004ರಲ್ಲಿ ತೋರಿಸಿತು. ಹಾಗಾದರೆ ನಮ್ಮವರ ಮಿದುಳಿಗೆ ಪೆಟ್ಟು ಕಡಿಮೆಯೇ? ನಿಮ್ಹಾನ್ಸ್‌ನ ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು ವೈರಾಣು ಹತೋಟಿಯ ಎಆರ್‌ಟಿ ಮಾತ್ರೆ ಶುರುಮಾಡದ 119 ಸೋಂಕಿತರನ್ನು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದ ಉತ್ತರ ಇದು: ನೂರಕ್ಕೆ ಸುಮಾರು 60 ಮಂದಿಯಲ್ಲಿ ಕಲಿಕೆ, ನೆನಪು, ಮಾತಿನ ಸರಾಗ ತುಸುವಿನಿಂದ ಮಧ್ಯಮ ಮಟ್ಟದವರೆಗೆ ಕುಗ್ಗಿತ್ತು. ತೀವ್ರ ಕೊರತೆ ಯಾರಲ್ಲೂ ಇರಲಿಲ್ಲ. ಅಂದರೆ ಹೊರಗಿನವರ ಕಣ್ಣಿಗೆ ಬೀಳದಷ್ಟು, ಮನೆಯವರ ಸಿಟ್ಟಿಗೆ ಗುರಿಯಾಗುವಷ್ಟು.

ತೊಡಕಿರುವುದು ಇಲ್ಲೇ. ದೇಶದಲ್ಲಿ 2004ರಿಂದ ಎಆರ್‌ಟಿ ಮಾತ್ರೆ ಸರ್ಕಾರದಿಂದ ಉಚಿತ. ದಿನವೂ ತಪ್ಪದೆ ನುಂಗಿದರೆ ವೈರಾಣು ತಲೆ ಎತ್ತುವುದಿಲ್ಲ, ಮಿದುಳಿಗೂ ರಕ್ಷಣೆ. ಆದರೆ ಮಾತ್ರೆ ನೆನಪಿಡಬೇಕಾದದ್ದು ಅದೇ ಸೊರಗಿದ ಮಿದುಳು! ಮರೆತರೆ ವೈರಾಣು ಬಲಿಯುತ್ತದೆ, ಬಲಿತರೆ ಮರೆವು ಹೆಚ್ಚುತ್ತದೆ. ಈ ಗಾಣದಿಂದ ಎತ್ತನ್ನು ಬಿಚ್ಚಬೇಕಾದವರು ಜೊತೆಯಲ್ಲಿರುವವರು. ರಾತ್ರಿ ಊಟದ ತಟ್ಟೆಯ ಪಕ್ಕದಲ್ಲೇ ಡಬ್ಬಿಯಿಡಿ, ಮೊಬೈಲಿನಲ್ಲಿ ಅಲಾರಂ ಇಡಿ.

ಎಲ್ಲ ಮರೆವೂ ವೈರಾಣುವಿನದಲ್ಲ. ಖಿನ್ನತೆ, ಬಿ12 ಕೊರತೆಯೂ ಕಾರಣವಾಗಬಹುದು. ಜ್ವರದ ಜೊತೆ ಬಿಡದ ತಲೆನೋವು, ಗೊಂದಲ ಬಂದರೆ ಮಿದುಳುಪೊರೆಯ ಕ್ಷಯವೋ ಶಿಲೀಂಧ್ರವೋ ಇರಬಹುದು. ಆಗ ತಡಮಾಡದೆ ಆಸ್ಪತ್ರೆಗೆ ಹೋಗಿ. ಮಾಹಿತಿಗೆ 1097 ಸಹಾಯವಾಣಿ ಇದೆ. ಇನ್ನೊಬ್ಬರು ನಂಬಿ ಹೇಳಿದ ಸೋಂಕಿನ ಸುದ್ದಿಯನ್ನು ಅವರ ಒಪ್ಪಿಗೆಯಿಲ್ಲದೆ ಊರಿಗೆ ಹರಡುವುದನ್ನು 2017ರ ಎಚ್‌ಐವಿ ಕಾಯ್ದೆ ನಿಷೇಧಿಸಿದೆ.

ನಿಮ್ಮನ್ನು ನಂಬಿ ಯಾರಾದರೂ ಈ ಗುಟ್ಟು ಹೇಳಿದ್ದರೆ, ಅವರು ಸಂತೆಯ ಸಾಮಾನು ಮರೆತು ಬಂದ ದಿನ 'ಜ್ಞಾನ ಎಲ್ಲಿತ್ತು' ಅನ್ನಬೇಡಿ. 'ಮಾತ್ರೆ ತಗೊಂಡ್ಯೇನಪ್ಪಾ?' ಅಂತ ಮೆಲ್ಲಗೆ ಕೇಳಿ.